ಅಗ್ಗದ ಲ್ಯಾಪ್‌ಟಾಪಿಗೆ ಯಾವ ಕಾರ್ಯಾಚರಣ ವ್ಯವಸ್ಥೆ? ಒಂದು ಚಾರಿತ್ರಿಕ ನೋಟ

ಪಿಯುಸಿ ಫಲಿತಾಂಶ ಬಂದು ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ ಮಂಗಳೂರಿನಲ್ಲಿ ಗಣಕ ಪಾಠ ಹೇಳುವವರೆಲ್ಲರಿಗೂ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. “ಸರ್, ಮಗಳಿಗೊಂದು ಲ್ಯಾಪ್‌ಟಾಪ್ ತೆಗೆಯಬೇಕು. ಇಪ್ಪತ್ತೈದು ಸಾವಿರದ ಒಳಗೆ ಆಗಬೇಕು. ಯಾವುದು ಒಳ್ಳೆಯದು?” ಕಂಪೆನಿ ಯಾವುದು, ಡಿಸ್ಕ್ ಎಷ್ಟು, ವಾರಂಟಿ ಎಷ್ಟು ವರ್ಷ ಎಂದು ವಿಚಾರಿಸುತ್ತಾರೆ. ಅದರೊಳಗೆ ಯಾವ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್, ಇರಬೇಕು ಎಂದು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಗೋಡೆ ಕಟ್ಟಿದ ಮೇಲೆ ಅಡಿಪಾಯದ ವಿಚಾರ ಯಾರಿಗೆ ಬೇಕು?

ಆದರೆ 2025ರ ಅಕ್ಟೋಬರ್ 14ರ ನಂತರ ಈ ಪ್ರಶ್ನೆ ತಾನಾಗಿಯೇ ಮನೆ ಬಾಗಿಲಿಗೆ ಬಂದಿದೆ. ಅಂದು ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನಮ್ಮ ಬೀದಿಯಲ್ಲಿ ಬಿ.ಎಸ್‌ಸಿ. ಓದುವ ಹುಡುಗಿಯೊಬ್ಬಳಿದ್ದಾಳೆ. ತಂದೆ ಬಂದರಿನ ಅಂಗಡಿಯೊಂದರಲ್ಲಿ ರೈಟರು. ಅಣ್ಣ ಬಳಸಿ ಬಿಟ್ಟ 2016ರ ಲ್ಯಾಪ್‌ಟಾಪು ಅವಳದ್ದು. 4 ಜಿಬಿ ಸ್ಮೃತಿ, ಆರನೆಯ ತಲೆಮಾರಿನ ಸಂಸ್ಕಾರಕ. ತೆರೆಯ ಮೇಲೆ ಬಂದ ಸಂದೇಶವನ್ನು ತೋರಿಸಲು ಅವಳು ಒಂದು ಸಂಜೆ ಅದನ್ನು ಎತ್ತಿಕೊಂಡೇ ಬಂದಳು. ಈ ಗಣಕವು ವಿಂಡೋಸ್ 11 ಅಳವಡಿಸಲು ಅರ್ಹವಲ್ಲ ಎಂಬುದು ಸಂದೇಶದ ಸಾರ. “ಅಂಕಲ್, ಕೀಲಿಮಣೆ ಸರಿ ಇದೆ, ತೆರೆ ಸರಿ ಇದೆ, ಬ್ಯಾಟರಿ ಕೂಡ ಹೊಸತು. ಹಾಳಾದದ್ದು ಯಾವುದು?” ಎಂದು ಕೇಳಿದಳು. ಹಾಳಾದದ್ದು ಯಾವುದೂ ಅಲ್ಲ. ಇದನ್ನು ವಿವರಿಸಲು ನಲುವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಆಯ್ಕೆಯೇ ಇಲ್ಲದ ಕಾಲ

ಭಾರತದ ಶಾಲೆಗಳಿಗೆ ಗಣಕ ಮೊದಲು ಕಾಲಿಟ್ಟದ್ದು 1984ರಲ್ಲಿ ಆರಂಭವಾದ ‘ಕ್ಲಾಸ್’ ಎಂಬ ಕೇಂದ್ರ ಸರಕಾರದ ಯೋಜನೆಯಿಂದ. ಅದರಲ್ಲಿ ಹಂಚಿದ್ದು ಇಂಗ್ಲೆಂಡಿನ ಏಕಾರ್ನ್ ಕಂಪೆನಿಯ ಬಿಬಿಸಿ ಮೈಕ್ರೋ ಗಣಕಗಳನ್ನು. ಕಾರ್ಯಸ್ಮೃತಿ 32 ಕಿಲೋಬೈಟು, ಸಂಸ್ಕಾರಕದ ವೇಗ 2 ಮೆಗಾಹರ್ಟ್ಸ್. ಕಾರ್ಯಾಚರಣ ವ್ಯವಸ್ಥೆ 16 ಕಿಲೋಬೈಟಿನ ರಾಮ್ ಅಲ್ಲ, ರೋಮ್ ಚಿಪ್ಪಿನಲ್ಲಿ ಅಚ್ಚೊತ್ತಿ ಬರುತ್ತಿತ್ತು. ಗುಂಡಿ ಒತ್ತಿದ ತಕ್ಷಣ ಅದು ಸಿದ್ಧ. ಅದನ್ನು ಅಳಿಸುವಂತಿಲ್ಲ, ಬದಲಿಸುವಂತಿಲ್ಲ. ವೈರಸ್ ಬರುವ ಚಿಂತೆಯೂ ಇಲ್ಲ.

ಆಯ್ಕೆಯ ಪ್ರಶ್ನೆ ಹುಟ್ಟಿದ್ದು ಐಬಿಎಂ ಪಿಸಿಯೊಂದಿಗೆ. 1981ರ ಆಗಸ್ಟಿನಲ್ಲಿ ಬಂದ ಈ ಯಂತ್ರದಲ್ಲಿ ಕಾರ್ಯಾಚರಣ ವ್ಯವಸ್ಥೆ ಚಿಪ್ಪಿನಲ್ಲಿರದೆ ಫ್ಲಾಪಿಯಲ್ಲಿತ್ತು. ಯಂತ್ರ ಒಬ್ಬರದು, ತಂತ್ರಾಂಶ ಇನ್ನೊಬ್ಬರದು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯಿಂದ ಮೈಕ್ರೋಸಾಫ್ಟ್ ಕೊಂಡುಕೊಂಡ ಡಾಸ್, ಐಬಿಎಂ ಅಲ್ಲದ ಇತರರು ಮಾಡಿದ ತದ್ರೂಪಿ ಯಂತ್ರಗಳಲ್ಲೂ ಓಡಿತು. 1984ರ ನವೆಂಬರಿನ ಹೊಸ ಗಣಕ ನೀತಿಯಿಂದ ಆಮದು ಸುಲಭವಾಗಿ ಇಂಥ ತದ್ರೂಪಿಗಳು ನಮ್ಮಲ್ಲಿಗೂ ಬಂದವು. ಸುರತ್ಕಲ್‌ನ ಕೆಆರ್‌ಇಸಿಯಂತಹ ದೊಡ್ಡ ಸಂಸ್ಥೆಗಳ ಮಾತು ಬೇರೆ. ಸಾಮಾನ್ಯ ಪದವಿ ಕಾಲೇಜುಗಳಲ್ಲಿ ತೊಂಬತ್ತರ ದಶಕದ ಗಣಕ ಪ್ರಯೋಗಾಲಯ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಹೋಗಬೇಕಾದ ತಂಪು ಕೋಣೆ, ಡಾಸ್ ಮತ್ತು ಅದರ ಮೇಲೆ ಓಡುವ ಬೋರ್ಲ್ಯಾಂಡ್ ಕಂಪೆನಿಯ ಟರ್ಬೊ ಸಿ.

ಆ ನೀಲಿ ತೆರೆಯ ಟರ್ಬೊ ಸಿ ನಮ್ಮ ಕಾಲೇಜುಗಳನ್ನು ಬಿಟ್ಟು ಹೋಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಕಾರ್ಯಾಚರಣ ವ್ಯವಸ್ಥೆ ಎಂಬುದು ಬರೀ ಮುಖಸಿಂಗಾರವಲ್ಲ, ಕಲಿಕೆಯ ಒಳಕ್ಕೂ ಇಳಿಯುತ್ತದೆ ಎಂಬುದಕ್ಕೆ ಅಲ್ಲಿಯದೇ ಒಂದು ಉದಾಹರಣೆ ಕೊಡಬಹುದು. ಅಪವರ್ತ್ಯ, ಅಂದರೆ ಫ್ಯಾಕ್ಟೋರಿಯಲ್, ಕಂಡುಹಿಡಿಯುವ ಕ್ರಮವಿಧಿಯನ್ನು ಪ್ರತಿ ವಿದ್ಯಾರ್ಥಿಯೂ ಬರೆಯುತ್ತಾನೆ. 16 ಬಿಟ್‌ಗಳ ಡಾಸ್ ಜಗತ್ತಿನ ಟರ್ಬೊ ಸಿಯಲ್ಲಿ ಒಂದು ಪೂರ್ಣಾಂಕದ ಗರಿಷ್ಠ ಬೆಲೆ 32767. 7ರ ಅಪವರ್ತ್ಯ 5040, ತೊಂದರೆಯಿಲ್ಲ. 8ರದ್ದು 40320 ಆಗಬೇಕು. ತೆರೆಯ ಮೇಲೆ ಬರುವುದು ಋಣ 25216! 40320ರಿಂದ 65536ನ್ನು ಕಳೆದರೆ ಈ ಸಂಖ್ಯೆ ಸಿಗುತ್ತದೆ. ಅದೇ ಕ್ರಮವಿಧಿಯನ್ನು ಲಿನಕ್ಸ್‌ನ ಜಿಸಿಸಿಯಲ್ಲಿ ಓಡಿಸಿ. ಅಲ್ಲಿ ಪೂರ್ಣಾಂಕಕ್ಕೆ 32 ಬಿಟ್. 12ರವರೆಗೆ ಉತ್ತರ ಸರಿಯಾಗಿ ಬಂದು, 13ಕ್ಕೆ 6227020800ರ ಬದಲು 1932053504 ಎಂದು ಬರುತ್ತದೆ. ಇದು ಇನ್ನೂ ಅಪಾಯಕಾರಿ ತಪ್ಪು, ಏಕೆಂದರೆ ಋಣ ಚಿಹ್ನೆ ಇಲ್ಲದ್ದರಿಂದ ಸಂಶಯವೇ ಬರುವುದಿಲ್ಲ. ಎರಡು ವ್ಯವಸ್ಥೆಗಳಲ್ಲಿ ಓಡಿಸಿ ನೋಡಿದವನಿಗೆ ಭಾಷೆ ಯಾವುದು, ಯಂತ್ರ ಯಾವುದು ಎಂಬ ಭೇದ ತಿಳಿಯುತ್ತದೆ. ಒಂದನ್ನೇ ಕಂಡವನು ಅದನ್ನೇ ಸಿ ಭಾಷೆ ಎಂದು ತಿಳಿದುಬಿಡುತ್ತಾನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಇಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಯುನಿಕ್ಸ್ ಪಾಠವನ್ನು ಇಟ್ಟದ್ದರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಭೇದ ಕೊಂಚ ಬೇಗ ತಿಳಿಯಿತು. ಬಿ.ಎಸ್‌ಸಿ. ಮಕ್ಕಳಿಗೆ ಆ ಭಾಗ್ಯ ಅಷ್ಟಾಗಿ ಇರಲಿಲ್ಲ.

ಕಿನ್ನಿಕಂಬಳದಿಂದ ಬಂದ ಕೀಲಿಮಣೆ

ಕಾರ್ಯಾಚರಣ ವ್ಯವಸ್ಥೆಯ ಆಯ್ಕೆಯಲ್ಲಿ ಕನ್ನಡಿಗರಿಗೆ ಇತರರಿಗಿಲ್ಲದ ಒಂದು ತೊಡಕು ಇತ್ತು. ಅದು ನಮ್ಮ ಲಿಪಿ.

ಡಾಸ್‌ಗೆ ಗೊತ್ತಿದ್ದುದು 256 ಚಿಹ್ನೆಗಳು ಮಾತ್ರ. ಪುಣೆಯ ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ಎಂಬ ಹೆಚ್ಚುವರಿ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿ ಭಾರತೀಯ ಲಿಪಿಗಳನ್ನು ಮೂಡಿಸುವ ದಾರಿ ಕಂಡುಕೊಂಡಿತು. ಕಚೇರಿಗಳಿಗೆ ಅದು ಸರಿ; ವಿದ್ಯಾರ್ಥಿಗೆ ಎಟುಕುವ ಮಾತಲ್ಲ. ಯಂತ್ರಾಂಶದ ಹಂಗಿಲ್ಲದೆ ಬರೀ ತಂತ್ರಾಂಶದಿಂದ ಕನ್ನಡ ಬರೆಸಿದವರಲ್ಲಿ ಮೊದಲಿಗರು ಮಂಗಳೂರಿನ ಹೊರವಲಯದ ಕಿನ್ನಿಕಂಬಳದ ಪದ್ಮನಾಭ ರಾವ್, ಅಂದರೆ ಎಲ್ಲರ ಕೆ.ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ಪಳಗಿ, ನಂತರ ಊರ ಕಡೆಗೆ ಮರಳಿದವರು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ದಕ್ಷಿಣ ಕನ್ನಡದ ಪಂಡಿತರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ.

ಅವರ ಕೀಲಿಮಣೆ ವಿನ್ಯಾಸದ ತರ್ಕ ಸರಳ. ಇಂಗ್ಲಿಷ್ ಕೀಲಿಮಣೆಯಲ್ಲಿ ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ವ್ಯಂಜನದ ಹಿಂದೆ ಸ್ವರ ಒತ್ತಿದರೆ ಗುಣಿತಾಕ್ಷರ. ಒತ್ತಕ್ಷರಕ್ಕೆಂದು ಬೇರೆ ಕೀಲಿಗಳಿಲ್ಲ. ವ್ಯಂಜನಗಳ ನಡುವೆ ಕೊಂಡಿಯ ಕೀಲಿ ಒತ್ತಿದರೆ ಸಾಕು. ಟೈಪ್‌ರೈಟರಿನವರು ಅಕ್ಷರದ ಆಕಾರವನ್ನು ಕಂಡರು, ರಾಯರು ಧ್ವನಿಯನ್ನು ಕಂಡರು. ಅದನ್ನು ಅವರು ಯಾರಿಗೂ ಮಾರಲಿಲ್ಲ, ಹಕ್ಕು ಸಾಧಿಸಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿ ಕರ್ನಾಟಕ ಸರಕಾರ ಉಚಿತವಾಗಿ ಹಂಚಿದ ‘ನುಡಿ’ಯ ಕೀಲಿಮಣೆಗೆ ಇದೇ ಆಧಾರ.

ನುಡಿ ಮತ್ತು ಅದಕ್ಕೂ ಮುಂಚೆ 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವು ಓಡಿದ್ದು ವಿಂಡೋಸ್‌ನಲ್ಲಿ ಮಾತ್ರ. ಇದರ ಪರಿಣಾಮವನ್ನು ನಾವು ಆಗ ಗಮನಿಸಲಿಲ್ಲ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬೆರಳಚ್ಚಿಸಬೇಕಾದ ಶಿಕ್ಷಕರಿಗೆ ವಿಂಡೋಸ್ ಬಿಟ್ಟರೆ ಗತಿಯಿಲ್ಲ ಎಂದಾಯಿತು. ಕಾರ್ಯಾಚರಣ ವ್ಯವಸ್ಥೆಯ ಆಯ್ಕೆಯನ್ನು ಒಂದು ಫಾಂಟು ಮಾಡಿಬಿಟ್ಟಿತು!

ಫಾಂಟಿನ ಒಳಗೂ ಒಂದು ಉಪಾಯವಿತ್ತು. ಆಗಿನ ನುಡಿ, ಬರಹಗಳು ಕನ್ನಡ ಅಕ್ಷರಗಳನ್ನು ತುಂಡು ಮಾಡಿ, ಆ ತುಂಡುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಇಂಗ್ಲಿಷಿನ ದೊಡ್ಡ ‘ಪಿ’ ಇರುವಲ್ಲಿ ಕಕಾರದ ಮೈ. ತಲೆಯ ಮೇಲೆ ಗೆರೆ ಇರುವ ಫ್ರೆಂಚ್ ‘ಎ’ ಇರುವಲ್ಲಿ ತಲೆಕಟ್ಟು. ಪೌಂಡ್ ನಾಣ್ಯದ ಚಿಹ್ನೆಯಲ್ಲಿ ನಕಾರದ ಮೈ. ಹಾಗಾಗಿ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಪಿ, ಗೆರೆಯ ಎ, ಪೌಂಡ್ ಎಂಬ ಗೊಂದಲವೇ ಕಾಣುತ್ತದೆ. ಗಣಕದ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲ. ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು.

ಯೂನಿಕೋಡ್ ಎಂಬ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಜಾಗವಿದೆ. ಆದರೆ ಜಾಗವಿದ್ದರೆ ಸಾಲದು, ತೆರೆಯ ಮೇಲೆ ಮೂಡಬೇಕು. ‘ಶಕ್ತಿ’ ಎಂಬ ಪದವನ್ನು ನೋಡಿ. ಸ್ಮೃತಿಯಲ್ಲಿ ಅದು ಶ, ಕ, ವಿರಾಮ ಚಿಹ್ನೆ, ತ, ಇಕಾರ ಎಂಬ ಉಚ್ಚಾರಣೆಯ ಕ್ರಮದಲ್ಲಿರುತ್ತದೆ. ಚಿತ್ರಿಸುವಾಗ ಮಾತ್ರ ತಕಾರದ ನಂತರ ಬಂದ ಇಕಾರವು ಹಿಂದೆ ಹಾರಿ ಕಕಾರಕ್ಕೆ ಅಂಟಬೇಕು, ತಕಾರ ಕೆಳಗಿಳಿದು ಒತ್ತಾಗಬೇಕು. ‘ಅರ್ಕ’ದಲ್ಲಿ ಮೊದಲು ಉಚ್ಚರಿಸುವ ರಕಾರ ಕಕಾರದ ಬಲಗಡೆಗೆ ಹೋಗಿ ಕೂರಬೇಕು. ಇದನ್ನು ಮಾಡುವುದು ಫಾಂಟ್ ಒಂದೇ ಅಲ್ಲ. ಕಾರ್ಯಾಚರಣ ವ್ಯವಸ್ಥೆಯ ಭಾಗವಾದ ಅಕ್ಷರ ಜೋಡಣೆಯ ತಂತ್ರಾಂಶವೂ ಬೇಕು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಇದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ಲಿನಕ್ಸ್‌ನಲ್ಲಿ ಪ್ಯಾಂಗೊ ಎಂಬ ತಂತ್ರಾಂಶ ಈ ಕೆಲಸ ವಹಿಸಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು ದೊರೆತವು.

ಇಲ್ಲೊಂದು ತಮಾಷೆ ನಡೆಯಿತು. ಎಕ್ಸ್‌ಪಿಯಲ್ಲಿ ಕನ್ನಡದ ಬೆಂಬಲ ಇತ್ತು, ಆದರೆ ಮಲಗಿತ್ತು. ಅದನ್ನು ಎಬ್ಬಿಸಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕಾಗಿತ್ತು. ಹಾಕಿದೊಡನೆ ಗಣಕ ಮೂಲ ಸಿ.ಡಿ. ಕೇಳುತ್ತಿತ್ತು. ನಮ್ಮಲ್ಲಿ ಹೆಚ್ಚಿನವರ ಬಳಿ ಇದ್ದುದು ಅಂಗಡಿಯವರು ಹಾಕಿಕೊಟ್ಟ ನಕಲು. ಸಿ.ಡಿ. ಎಲ್ಲಿಂದ ತರುವುದು? ಹಣ ಕೊಡದೆ ಪಡೆದ ವಿಂಡೋಸ್‌ನಲ್ಲಿ ಕನ್ನಡ ಒತ್ತಕ್ಷರಗಳು ಒಡೆದು ಕಾಣುತ್ತಿದ್ದುದಕ್ಕೆ ಎಷ್ಟೋ ಕಡೆ ಇದೇ ಕಾರಣ. ‘ಗಣಕದಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ’ ಎಂಬ ಅಪವಾದ ಮಾತ್ರ ಕನ್ನಡದ ತಲೆಗೆ.

ಬೆಂಗಳೂರಿನ ಸಿಂಪ್ಯೂಟರ್

ಬಡವರ ಗಣಕಕ್ಕೆ ಯಾವ ಕಾರ್ಯಾಚರಣ ವ್ಯವಸ್ಥೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿ ಉತ್ತರ ಕೊಟ್ಟವರು ಕರ್ನಾಟಕದವರೇ. 1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರ ಸಂಕಿರಣವೊಂದರಲ್ಲಿ ಮೂಡಿದ ಕಲ್ಪನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪೆನಿಯ ವಿನಯ್ ದೇಶಪಾಂಡೆ ಹಾಗೂ ಸಂಗಡಿಗರು ಕೈಗೆತ್ತಿಕೊಂಡು ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. 2001ರಲ್ಲಿ ಯಂತ್ರದ ಮಾದರಿ ಪ್ರದರ್ಶನಗೊಂಡಿತು. ಅಂಗೈಯಗಲದ ಗಣಕ; 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ; ಕೀಲಿಮಣೆ ಇಲ್ಲ, ಸ್ಪರ್ಶಕ್ಕೆ ಸ್ಪಂದಿಸುವ ತೆರೆ; ಬೆಲೆ ಸುಮಾರು 9000 ರೂ. ಆಗಬೇಕೆಂಬ ಗುರಿ. ಒಂದು ಯಂತ್ರವನ್ನು ಇಡೀ ಹಳ್ಳಿ ಹಂಚಿಕೊಳ್ಳಲಿ, ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬ ಯೋಜನೆ.

ಅವರು ಆರಿಸಿದ್ದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲಾರಂಭಿಸಿದ ತಿರುಳು ಅದು. ಅದಕ್ಕೂ ಮುಂಚೆ 1983ರಲ್ಲೇ ರಿಚರ್ಡ್ ಸ್ಟಾಲ್ಮನ್ ಆರಂಭಿಸಿದ್ದ ಗ್ನೂ ಯೋಜನೆಯ ಉಪಕರಣಗಳು ಅದರ ಜೊತೆಗೂಡಿ ಪೂರ್ಣ ವ್ಯವಸ್ಥೆಯಾಯಿತು. ಲೈಸೆನ್ಸ್ ಶುಲ್ಕ ಇಲ್ಲ ಎಂಬುದೊಂದೇ ಕಾರಣವಲ್ಲ. ಸಿಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಕೆಲವೇ ಮೆಗಾಬೈಟುಗಳ ಫ್ಲ್ಯಾಷ್ ಸ್ಮೃತಿಯಲ್ಲಿ ಎಲ್ಲವೂ ಹಿಡಿಯಬೇಕು. ಬೇಡದ್ದನ್ನು ಕತ್ತರಿಸಿ ಎಸೆಯಬೇಕಾದರೆ ಆಕರ ಸಂಕೇತ ಕೈಯಲ್ಲಿರಬೇಕಷ್ಟೆ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶವೂ ಈ ಬಳಗದಿಂದಲೇ ಬಂತು. ಅಕ್ಷರ ಬಾರದವನಿಗೂ ಗಣಕ ಉಪಯೋಗಕ್ಕೆ ಬರಬೇಕೆಂಬ ಹಟ ಅದರ ಹಿಂದಿತ್ತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾರುಕಟ್ಟೆಗೆ ಬಂದರೂ ಮಾರಾಟ ಕೆಲವು ಸಾವಿರಗಳಲ್ಲಿ ನಿಂತಿತು. ಸಿಂಪ್ಯೂಟರ್ ಸೋತದ್ದು ಲಿನಕ್ಸ್‌ನಿಂದ ಎಂದು ಹೇಳುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ತೆರೆಯೂ ಚಿಪ್ಪೂ ಆಮದಾಗಬೇಕಿತ್ತು, ಸಂಖ್ಯೆ ಹೆಚ್ಚದೆ ಬೆಲೆ ಇಳಿಯುವಂತಿರಲಿಲ್ಲ, ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಯನ್ನು ಮುಟ್ಟಿತ್ತು. 2008ರಲ್ಲಿ ಬಂದ ಆಂಡ್ರಾಯ್ಡ್ ಕೂಡ ಲಿನಕ್ಸ್ ತಿರುಳಿನ ಮೇಲೆ ನಿಂತದ್ದು. ಸ್ಪರ್ಶದ ತೆರೆ, ಲಿನಕ್ಸ್, ಮಾತನಾಡುವ ಯಂತ್ರ, ಎಲ್ಲವೂ ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿವೆ. ‘ನಮಗೆ ಲಿನಕ್ಸ್ ಬಾರದು ಸರ್’ ಎನ್ನುವ ಮಕ್ಕಳಿಗೆ ನಾನು ಅವರ ಫೋನನ್ನೇ ತೋರಿಸುವುದುಂಟು.

‘ಡಾಸ್ ಲ್ಯಾಪ್‌ಟಾಪ್’ ಎಂಬ ಒಗಟು

2007ರ ಕೊನೆಗೆ ತೈವಾನಿನ ಏಸಸ್ ಕಂಪೆನಿಯ ‘ಈ ಪಿಸಿ’ ಬಂತು. ಏಳು ಇಂಚಿನ ತೆರೆ, 512 ಎಂಬಿ ಸ್ಮೃತಿ, 4 ಜಿಬಿ ಘನಸ್ಥಿತಿ ಡಿಸ್ಕ್, ಲಿನಕ್ಸ್. ಇಂಥ ನೆಟ್‌ಬುಕ್‌ಗಳು ಬಿಸಿ ದೋಸೆಯಂತೆ ಖರ್ಚಾದದ್ದು ಕಂಡು ಮೈಕ್ರೋಸಾಫ್ಟ್ ಎಚ್ಚೆತ್ತಿತು. 2008ರ ಜೂನ್‌ಗೆ ನಿಲ್ಲಬೇಕಿದ್ದ ಎಕ್ಸ್‌ಪಿ ಮಾರಾಟವನ್ನು ಅಗ್ಗದ ಲ್ಯಾಪ್‌ಟಾಪುಗಳಿಗೆ ಮಾತ್ರ 2010ರವರೆಗೆ ಮುಂದುವರಿಸಿತು. ಸ್ವಲ್ಪ ಕಾಲದಲ್ಲೇ ನೆಟ್‌ಬುಕ್‌ಗಳಲ್ಲಿ ಲಿನಕ್ಸ್ ವಿರಳವಾಯಿತು. ಇದಕ್ಕೂ ಮೊದಲು, 2005ರಲ್ಲಿ, ಭಾರತಕ್ಕೆಂದು ಹಿಂದಿಯ ಎಕ್ಸ್‌ಪಿ ಸ್ಟಾರ್ಟರ್ ಆವೃತ್ತಿ ಬಂದಿತ್ತು. ಅದರಲ್ಲಿ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ಆನ್ವಯಿಕ ತಂತ್ರಾಂಶಗಳನ್ನು ತೆರೆಯುವಂತಿರಲಿಲ್ಲ. 2009ರ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ತೆರೆಯ ಹಿನ್ನೆಲೆಯ ಚಿತ್ರ ಬದಲಿಸಲೂ ಬಿಡುತ್ತಿರಲಿಲ್ಲ. ಯಂತ್ರಕ್ಕೆ ಶಕ್ತಿಯಿದ್ದರೂ ಕೈ ಕಟ್ಟಿ ಕೊಡುವ ಈ ಕ್ರಮ ನನಗಂತೂ ಎಂದೂ ಹಿಡಿಸಲಿಲ್ಲ.

ನಮ್ಮ ಪೇಟೆಯಲ್ಲಿ ಓಡಿದ್ದು ಇನ್ನೊಂದೇ ಸರಕು: ‘ಡಾಸ್ ಲ್ಯಾಪ್‌ಟಾಪ್’. ವಿಂಡೋಸ್ ಇರುವ ಯಂತ್ರಕ್ಕಿಂತ ಕೆಲವು ಸಾವಿರ ಕಡಿಮೆ. ಅದರಲ್ಲಿದ್ದುದು ಹಳೆಯ ಎಂಎಸ್-ಡಾಸ್ ಅಲ್ಲ, ಫ್ರೀಡಾಸ್. ಎಂಎಸ್-ಡಾಸ್‌ಗೆ ಭವಿಷ್ಯವಿಲ್ಲವೆಂದು ತಿಳಿದಾಗ ಜಿಮ್ ಹಾಲ್ ಎಂಬ ಅಮೆರಿಕದ ಭೌತಶಾಸ್ತ್ರ ವಿದ್ಯಾರ್ಥಿ 1994ರಲ್ಲಿ ಆರಂಭಿಸಿದ ಮುಕ್ತ ಯೋಜನೆ ಅದು. ಲ್ಯಾಪ್‌ಟಾಪಿನಲ್ಲಿ ಅದು ಇದ್ದುದು ಉಪಯೋಗಕ್ಕಲ್ಲ. ‘ಕಾರ್ಯಾಚರಣ ವ್ಯವಸ್ಥೆ ಇದೆ’ ಎಂದು ಹೇಳಿಕೊಳ್ಳುವುದಕ್ಕೆ. ಕೊಂಡವನು ಮುಂದೆ ಏನು ಮಾಡುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ನಾನೂ ಹಾಗೆ ಒಂದನ್ನು ಕೊಂಡೆ. ಅಂಗಡಿಯವನು ಕೇಳದೆಯೇ ಮುನ್ನೂರು ರೂಪಾಯಿಗೆ ‘ಒಳ್ಳೆಯ ವಿಂಡೋಸ್’ ಹಾಕಿಕೊಟ್ಟ. ನವೀಕರಣಗಳನ್ನು ಅವನೇ ನಿಲ್ಲಿಸಿಟ್ಟಿದ್ದ, ಇಲ್ಲದಿದ್ದರೆ ನಕಲು ಎಂದು ಬಯಲಾಗುತ್ತದಲ್ಲ. ಆರೇ ತಿಂಗಳಲ್ಲಿ ಪೆನ್ ಡ್ರೈವಿನಿಂದ ಬಂದ ವೈರಸ್ಸು ಎರಡು ವರ್ಷದ ಆಂತರಿಕ ಅಂಕಗಳ ಕಡತಗಳನ್ನು ನುಂಗಿತು. ಕಾಗದದ ರಿಜಿಸ್ಟರಿನಿಂದ ಮತ್ತೆ ನಮೂದಿಸಲು ಒಂದು ವಾರ ಹಿಡಿಯಿತು. ಮುನ್ನೂರು ರೂಪಾಯಿಯ ಲೆಕ್ಕ ನನಗೆ ಸ್ಪಷ್ಟವಾದದ್ದು ಆಗ.

ಅದೇ ದಿನಗಳಲ್ಲಿ ಉಬುಂಟು ಯೋಜನೆಯವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತ ಸಿ.ಡಿ. ಕಳುಹಿಸುತ್ತಿದ್ದರು. 2004ರಲ್ಲಿ ಆರಂಭವಾದ ಈ ವಿತರಣೆಯ ಸಿ.ಡಿ. ಸೇವೆ 2011ರವರೆಗೂ ನಡೆಯಿತು. ಪೋಸ್ಟ್‌ಮ್ಯಾನ್ ತಂದ ಲಕೋಟೆಯನ್ನು ಹಾಸ್ಟೆಲಿನಲ್ಲಿ ಹತ್ತು ಜನ ಸುತ್ತುವರಿದು ಬಿಚ್ಚುತ್ತಿದ್ದರು. ಗಂಟೆಗಟ್ಟಲೆ ಡೌನ್‌ಲೋಡ್ ಮಾಡಲಾಗದ ಆ ಕಾಲದಲ್ಲಿ ಕರಾವಳಿಯ ಎಷ್ಟೋ ಮಕ್ಕಳಿಗೆ ಲಿನಕ್ಸ್ ಪರಿಚಯವಾದದ್ದು ಹೀಗೆ.

ತಲಪಾಡಿಯ ಆಚೆ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟರೆ ತಲಪಾಡಿಯಲ್ಲಿ ರಾಜ್ಯದ ಗಡಿ. ಆಚೆ ಮಂಜೇಶ್ವರ, ಕುಂಬಳೆ, ಕಾಸರಗೋಡು. ಭಾಷೆ, ಊಟ, ಯಕ್ಷಗಾನ ಒಂದೇ. ಶಾಲೆಯ ಗಣಕದ ತೆರೆ ಮಾತ್ರ ಬೇರೆ.

ಕೇರಳ ಸರಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿದಾಗ ಅಲ್ಲೂ ಪಾಠ ವಿಂಡೋಸ್ ಆಧಾರಿತವಾಗಿಯೇ ಇತ್ತು. ಸರಕಾರಿ ಶಾಲೆಯ ಪಠ್ಯ ಒಂದು ಕಂಪೆನಿಯ ಸರಕಿಗೆ ಅಂಟಿಕೊಳ್ಳಬಾರದೆಂದು ಶಿಕ್ಷಕರ ಸಂಘಟನೆಗಳಿಂದಲೇ ಆಕ್ಷೇಪ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಪ್ರೌಢಶಾಲೆಗಳ ಐಟಿ ಪಾಠ, ಪ್ರಾಯೋಗಿಕ ಪರೀಕ್ಷೆಗಳು ಮುಕ್ತ ತಂತ್ರಾಂಶಕ್ಕೆ ಹೊರಳಿದವು. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಗಿ, ಉಬುಂಟುವನ್ನು ಶಾಲೆಗಳಿಗೆ ಒಗ್ಗಿಸಿ ತನ್ನದೇ ವಿತರಣೆ ಹೊರಡಿಸುತ್ತ ಬಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಜಿಯೋಜೀಬ್ರದಲ್ಲಿ ತ್ರಿಭುಜ ಎಳೆಯುವುದು, ಜಿಂಪ್‌ನಲ್ಲಿ ಚಿತ್ರ ತಿದ್ದುವುದು ಅವರಿಗೆ ಕನ್ನಡದ ಪಾಠ. ಮುಖ್ಯ ಸಂಗತಿಯೆಂದರೆ ಶಾಲೆಯಲ್ಲಿ ಬಳಸಿದ್ದನ್ನೇ ಮನೆಗೆ ಕೊಂಡೊಯ್ಯಬಹುದು. ನಕಲು ಮಾಡುವುದು ಅಲ್ಲಿ ಅಪರಾಧವಲ್ಲ.

ಕರ್ನಾಟಕದ ದಾರಿ ಇಷ್ಟು ನೇರವಾಗಿರಲಿಲ್ಲ. ಶತಮಾನದ ಆರಂಭದ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಯಂತ್ರವನ್ನೂ ಬೋಧಕರನ್ನೂ ಖಾಸಗಿ ಕಂಪೆನಿಗಳು ಒದಗಿಸಿದವು. ಗುತ್ತಿಗೆ ಮುಗಿದಾಗ ಬೋಧಕರು ಹೋದರು, ಯಂತ್ರಗಳಿಗೆ ಬೀಗ ಬಿತ್ತು. 2010ರ ದಶಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಕಲಿತರು. ಆ ಶಿಬಿರಗಳಿಗೆ ಹೋಗಿಬಂದ ಗಣಿತ ಶಿಕ್ಷಕರು ಇಂದಿಗೂ ಜಿಯೋಜೀಬ್ರ ಬಿಟ್ಟಿಲ್ಲ. ಆದರೆ ಇಡೀ ರಾಜ್ಯದ ಪಠ್ಯಕ್ಕೆ ಅದು ಅಡಿಪಾಯವಾಗಲಿಲ್ಲ. ತಮಿಳುನಾಡು 2011ರಿಂದ ಹಂಚಿದ ಉಚಿತ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್‌ನ ‘ಬಾಸ್’ ಲಿನಕ್ಸ್ ಕೂಡ ಇತ್ತು. ಯಾವುದನ್ನು ಹೆಚ್ಚು ಬಳಸಿದರೆಂದು ಊಹಿಸುವುದು ಕಷ್ಟವಲ್ಲ. ಇಟ್ಟರೆ ಸಾಲದು, ಪಾಠದಲ್ಲಿ ಸೇರಿಸಬೇಕು. ಕೇರಳ ಗೆದ್ದದ್ದು ಅಲ್ಲಿ.

ಮತ್ತೆ ಆ ಲ್ಯಾಪ್‌ಟಾಪಿಗೆ

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ ಮತ್ತು ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಸಂಸ್ಕಾರಕ ಬೇಕು. ನಮ್ಮ ಹುಡುಗಿಯ ಯಂತ್ರ ಸೋತದ್ದು ಕೊನೆಯ ಪರೀಕ್ಷೆಯಲ್ಲಿ. ನೋಂದಾಯಿಸಿಕೊಂಡವರಿಗೆ ವಿಂಡೋಸ್ 10ರ ಭದ್ರತಾ ನವೀಕರಣವನ್ನು 2026ರ ಅಕ್ಟೋಬರ್‌ವರೆಗೆ ವಿಸ್ತರಿಸುವ ಏರ್ಪಾಡೊಂದನ್ನು ಕಂಪೆನಿ ಪ್ರಕಟಿಸಿತು. ಅದು ಮುಂದೂಡಿಕೆ, ಪರಿಹಾರವಲ್ಲ.

ನಾನು ಮೊದಲು ಕೇಳಿದ್ದು ಅವಳ ಪಠ್ಯಕ್ರಮವನ್ನು. ಎಲ್ಲರಿಗೂ ಲಿನಕ್ಸ್ ಹಾಕಿ ಎನ್ನುವ ಉತ್ಸಾಹ ನನಗೂ ಒಂದು ಕಾಲಕ್ಕೆ ಇತ್ತು, ಈಗ ಇಲ್ಲ. ಅವಳ ಅಣ್ಣ ಬಿ.ಕಾಂ. ಓದಿದವನು, ಅವನಿಗೆ ಟ್ಯಾಲಿ ಬೇಕಿತ್ತು. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ಡಾಸ್‌ನಲ್ಲಿ ಹುಟ್ಟಿ ವಿಂಡೋಸ್‌ನಲ್ಲಿ ಬೆಳೆದದ್ದು. ಇಂಜಿನಿಯರಿಂಗ್ ಮೊದಲ ವರ್ಷದ ಚಿತ್ರಣಕ್ಕೆ ಸಾಲಿಡ್ ಎಡ್ಜ್ ಬೇಕೆಂದರೆ ಅದಕ್ಕೂ ವಿಂಡೋಸೇ ಗತಿ. ಇಂಥವರು ಅಧಿಕೃತ ವಿಂಡೋಸ್ ಇರುವ ಯಂತ್ರವನ್ನೇ ಕೊಳ್ಳಲಿ, ಅಥವಾ ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಲಿ. ಅವಳಿಗೆ ಬೇಕಾದದ್ದು ಪೈಥಾನ್, ಸಂಖ್ಯಾಶಾಸ್ತ್ರಕ್ಕೆ ಆರ್, ಪ್ರಯೋಗದ ವರದಿ ಬರೆಯಲು ಲಿಬ್ರೆ ಆಫೀಸ್, ಒಂದು ಬ್ರೌಸರ್. ಇವೆಲ್ಲವೂ ಲಿನಕ್ಸ್‌ನಲ್ಲಿ ಮನೆಮಕ್ಕಳಂತೆ ಇವೆ.

4 ಜಿಬಿ ಯಂತ್ರಕ್ಕೆ ಭಾರದ ಮುಖಾವರಣ ಬೇಡವೆಂದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್ ಡ್ರೈವಿಗೆ ಹಾಕಿದೆವು. ಪೆನ್ ಡ್ರೈವಿನಿಂದಲೇ ಗಣಕವನ್ನು ಆರಂಭಿಸಿ, ಡಿಸ್ಕನ್ನು ಮುಟ್ಟದೆ ಎರಡು ದಿನ ಬಳಸಿ ನೋಡಲು ಹೇಳಿದೆ. ಈ ಅನುಕೂಲವನ್ನು ಯಾರೂ ತಪ್ಪಿಸಿಕೊಳ್ಳಬಾರದು. ವೈ-ಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಗಣಕ ಎಚ್ಚರಗೊಳ್ಳುತ್ತದೆಯೇ, ಕಾಲೇಜಿನ ಪ್ರಿಂಟರ್ ಮಾತು ಕೇಳುತ್ತದೆಯೇ ಎಂಬುದನ್ನೆಲ್ಲ ಆಗಲೇ ಪರೀಕ್ಷಿಸಬೇಕು. ವೈ-ಫೈ ಚಿಪ್ಪುಗಳಲ್ಲಿ ಕೆಲವು ಲಿನಕ್ಸ್ ಜೊತೆ ಇಂದಿಗೂ ಮುನಿಸಿಕೊಳ್ಳುತ್ತವೆ. ಅವಳ ಯಂತ್ರದಲ್ಲಿ ಎಲ್ಲವೂ ನಡೆಯಿತು. ಕಡತಗಳನ್ನು ಬೇರೆಡೆಗೆ ನಕಲಿಸಿಟ್ಟು, ತಿರುಗುವ ಹಾರ್ಡ್ ಡಿಸ್ಕಿನ ಬದಲು ಒಂದು ಸಣ್ಣ ಘನಸ್ಥಿತಿ ಡಿಸ್ಕ್ ಹಾಕಿಸಿ, ಅದರ ಮೇಲೆ ಅಳವಡಿಸಿದೆವು. ಹಳೆಯ ಯಂತ್ರಕ್ಕೆ ಖರ್ಚು ಮಾಡುವುದಾದರೆ ಮೊದಲು ಇಲ್ಲಿ ಮಾಡಬೇಕು.

ಕೀಲಿಮಣೆಯ ಪಟ್ಟಿ ತೆರೆದಾಗ ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸ ಕಂಡಿತು. ಕಿನ್ನಿಕಂಬಳದ ರಾಯರದ್ದೇ ಜಾಡು. ಜಗತ್ತಿನಲ್ಲಿ ಲಿನಕ್ಸ್ ಗಣಕ ಕೂರಿಸುವ ಪ್ರತಿಯೊಬ್ಬನಿಗೂ ಅದು ಜೊತೆಯಲ್ಲೇ ಬರುತ್ತದೆ. ‘ಶಕ್ತಿ’, ‘ಅರ್ಕ’ ಎರಡನ್ನೂ ಬರೆಸಿ ನೋಡಿದೆ. ಯಾವ ಸಿ.ಡಿ.ಯನ್ನೂ ಕೇಳದೆ ಎರಡೂ ಸರಿಯಾಗಿ ಮೂಡಿದವು. ಈ ಕರಾವಳಿಯ ಇನ್ನೊಂದು ಲಿಪಿಯಾದ ತುಳು-ತಿಗಳಾರಿ 2024ರ ಸೆಪ್ಟೆಂಬರಿನಲ್ಲಷ್ಟೇ ಯೂನಿಕೋಡಿನ 16ನೆಯ ಆವೃತ್ತಿಗೆ ಸೇರಿದೆ. ಕನ್ನಡ ಹಾದುಬಂದ ಫಾಂಟು, ಕೀಲಿಮಣೆ, ಜೋಡಣೆಯ ಹಂತಗಳನ್ನೆಲ್ಲ ಅದು ಈಗ ದಾಟಬೇಕಾಗಿದೆ.

ತೊಂದರೆ ಬಂದದ್ದು ಒಂದೇ ಕಡೆ. ಅವಳ ಕನ್ನಡ ಅಧ್ಯಾಪಕರು ವರ್ಷಗಳಿಂದ ನುಡಿಯಲ್ಲಿ ಬೆರಳಚ್ಚಿಸಿ ಹಂಚುತ್ತಿದ್ದ ಟಿಪ್ಪಣಿಗಳು ತೆರೆದಾಗ ಪಿ, ಗೆರೆಯ ಎ, ಪೌಂಡ್ ಚಿಹ್ನೆಗಳಾಗಿ ನಿಂತವು. ಹಳೆಯ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ಮುಕ್ತ ತಂತ್ರಾಂಶಗಳನ್ನು ಕನ್ನಡದ ಯುವಕರು ಬರೆದಿಟ್ಟಿದ್ದಾರೆ. ಅದರಲ್ಲೊಂದನ್ನು ಬಳಸಿ ನಲುವತ್ತು ಪುಟ ಬದಲಿಸಿದೆವು. ಕೆಲವು ಅರ್ಕಾವೊತ್ತುಗಳು ಜಾಗ ತಪ್ಪಿವೆ, ಇಂಗ್ಲಿಷ್ ಪದಗಳಿದ್ದಲ್ಲಿ ಅರ್ಥವಿಲ್ಲದ ಕನ್ನಡ ಬಂದಿದೆ. ಅಧ್ಯಾಪಕರೂ ಅವಳೂ ಸೇರಿ ಅವನ್ನು ತಿದ್ದುತ್ತಿದ್ದಾರೆ. ಹತ್ತೊಂಬತ್ತನೆಯ ಪುಟದವರೆಗೆ ಆಗಿದೆ.